ಕೋಡೊಲೆಯ ಮೇಲಿನ ಮಡಕೆ



ಯಾವುದಾದರೊಂದು ಕೆಲಸವನ್ನು ಈಗ ಬೇಡ, ಆಮೇಲೆ ನೋಡೋಣವೆಂದು ಬದಿಗಿರಿಸಿದಾಗ ಅದನ್ನು ‘ಬ್ಯಾಕ್ ಬರ್ನರಿಗೆ ಹಾಕಿದೆವು’ ಎಂದು ಹೇಳುವ ರೂಢಿ ಇಂಗ್ಲಿಷಿನಲ್ಲಿದೆ. ನಮ್ಮ ಕಚೇರಿಗಳಲ್ಲಿಯೂ, ಪೇಟೆಯ ವ್ಯವಹಾರದಲ್ಲಿಯೂ, ಕಾಲೇಜು ಓದುವ ಮಕ್ಕಳ ಮಾತಿನಲ್ಲಿಯೂ ಈ ನುಡಿಗಟ್ಟು ಈಗ ಧಾರಾಳವಾಗಿ ಕೇಳಿಬರುತ್ತಿದೆ. ಕೇಳಿದವರಿಗೆ ಅದರ ತಾತ್ಪರ್ಯವೂ ತಡವಿಲ್ಲದೆ ತಿಳಿಯುತ್ತದೆ. ಆದರೆ ತಾತ್ಪರ್ಯವು ಕೈಗೆ ಸಿಕ್ಕೊಡನೆ ಮಾತಿನ ಮೂಲವು ಮರೆವಿಗೆ ಸಲ್ಲುವುದು ಎಲ್ಲ ಭಾಷೆಗಳ ಸ್ವಭಾವವಾಗಿರುವುದರಿಂದ, ಈ ಮಾತು ಹುಟ್ಟಿದುದು ಕಚೇರಿಯ ಮೇಜಿನ ಬಳಿಯಲ್ಲ, ಅಡುಗೆಮನೆಯ ಒಲೆಯ ಬಳಿ ಎಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ. ಆ ಒಲೆಯ ಬಳಿಗೊಮ್ಮೆ ಹೋಗಿ, ಅಲ್ಲಿಂದ ನಮ್ಮ ಕಡೂರು, ತರೀಕೆರೆ, ಅಜ್ಜಂಪುರಗಳ ಮಣ್ಣಿನ ಒಲೆಗಳ ಬಳಿಗೆ ಬಂದು, ಮುಂದೂಡುವುದೆಂದರೆ ನಿಜವಾಗಿ ಏನೆಂಬುದನ್ನು ನಿಮ್ಮೊಡನೆ ಕುಳಿತು ವಿಚಾರಮಾಡಬೇಕೆಂಬುದು ಈ ಹೊತ್ತಿನ ನನ್ನ ಅಪೇಕ್ಷೆ.

ಬರ್ನರ್ ಎಂದರೆ ಉರಿ ಹೊರಡುವ ಬಾಯಿ. ಯೂರೋಪಿನಲ್ಲಿ ಬಹುಕಾಲದವರೆಗೆ ಬೆಂಕಿಗೂಡಿನ ಒಂದೇ ಉರಿಯ ಮೇಲೆ ಪಾತ್ರೆಗಳನ್ನು ತೂಗುಹಾಕಿ ಅಡುಗೆಮಾಡುತ್ತಿದ್ದರು. 1790ರ ದಶಕದಲ್ಲಿ ಬವೇರಿಯಾದ ಮ್ಯೂನಿಕ್ ನಗರದಲ್ಲಿದ್ದ ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿಯು, ಒಂದೊಂದು ಪಾತ್ರೆಗೂ ಒಂದೊಂದು ಗುಳಿಯನ್ನೂ, ಒಂದೊಂದು ಗುಳಿಗೂ ಹೆಚ್ಚು ಕಡಿಮೆ ಮಾಡಬಹುದಾದ ಪ್ರತ್ಯೇಕವಾದ ಉರಿಯನ್ನೂ ಕಲ್ಪಿಸಿ, ಇಟ್ಟಿಗೆಯ ದೊಡ್ಡ ಒಲೆಗಳನ್ನು ಕಟ್ಟಿಸಿದನು. 1826ರಲ್ಲಿ ಇಂಗ್ಲೆಂಡಿನ ನಾರ್ದಾಂಪ್ಟನ್ನಿನ ಜೇಮ್ಸ್ ಶಾರ್ಪ್ ಎಂಬಾತನು ಅನಿಲದಿಂದ ಉರಿಯುವ ಒಲೆಗೆ ಹಕ್ಕುಪತ್ರವನ್ನು ಪಡೆದನು. ಅನಿಲವೂ ವಿದ್ಯುತ್ತೂ ಮನೆಮನೆಯನ್ನು ಸೇರಿದ ಮೇಲೆ, ಮುಂದೆ ಎರಡು ಹಿಂದೆ ಎರಡು ಹೀಗೆ ನಾಲ್ಕು ಬಾಯಿಗಳುಳ್ಳ ಒಲೆ ಅಲ್ಲಿನ ಗೃಹಿಣಿಯರ ನಿತ್ಯಸಾಧನವಾಯಿತು. ಸೌಟು ಬಿಡದೆ ತಿರುವಬೇಕಾದುದು, ಕ್ಷಣ ಕಣ್ಣು ತಪ್ಪಿದರೆ ಸೀಯುವುದು ಮುಂದಿನ ಉರಿಗೆ; ಗಂಟೆಗಟ್ಟಲೆ ಸಣ್ಣ ಕುದಿಯಲ್ಲಿರಬೇಕಾದ ಗಂಜಿಯೋ ಎಲುಬಿನ ಸಾರೋ ಹಿಂದಿನ ಉರಿಗೆ. ಇಷ್ಟೇ ಅದರ ವ್ಯವಸ್ಥೆ. ಈ ವ್ಯವಸ್ಥೆಯನ್ನು ಬಾಳಿನ ಬೇರೆ ಕೆಲಸಗಳಿಗೂ ಅನ್ವಯಿಸಿ ಮಾತನಾಡುವ ಪದ್ಧತಿ ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಅಮೆರಿಕದಲ್ಲಿ ಬಳಕೆಗೆ ಬಂದು, ಅಲ್ಲಿಂದ ಲೋಕವನ್ನೆಲ್ಲ ಸುತ್ತಿತು.

ಇದರಲ್ಲಿ ಒಂದು ಅಂಶವನ್ನು ನೀವು ಗಮನಿಸಬೇಕು. ಹಿಂದಿನ ಉರಿಯ ಮೇಲಿಟ್ಟ ಪಾತ್ರೆಯನ್ನು ಆ ಗೃಹಿಣಿಯು ಉಪೇಕ್ಷಿಸಿದವಳಲ್ಲ. ಉಪೇಕ್ಷೆ ಮಾಡಬೇಕೆಂದಿದ್ದರೆ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಬಹುದಾಗಿತ್ತು. ಅದಕ್ಕೂ ಉರಿಯುಂಟು, ಅದೂ ಬೇಯುತ್ತಿದೆ, ಊಟದ ಹೊತ್ತಿಗೆ ಎಲೆಗೆ ಬರಬೇಕಾದ ಪದಾರ್ಥಗಳ ಲೆಕ್ಕದಲ್ಲಿ ಅದೂ ಒಂದು. ಈಗಿನ ಬಳಕೆಯಲ್ಲಿಯಾದರೋ, ಬ್ಯಾಕ್ ಬರ್ನರಿಗೆ ಹಾಕಿದರೆಂದರೆ ಕೈಬಿಟ್ಟರೆಂದೇ ನಾವು ಅರ್ಥಮಾಡುತ್ತೇವೆ. ಪಾರಿವಾಳದ ಗೂಡಿನಂಥ ಖಾನೆಯಲ್ಲಿ ಕಾಗದವನ್ನು ತುರುಕುವುದು, ಅಟ್ಟಣೆಯ ಮೇಲೇರಿಸುವುದು ಎಂಬ ಇನ್ನೆರಡು ನುಡಿಗಟ್ಟುಗಳು ಆ ಭಾಷೆಯಲ್ಲಿಯೇ ಇದ್ದು, ಅವುಗಳಲ್ಲಿ ಬೆಂಕಿಯ ಸಂಬಂಧವಿಲ್ಲದಿರುವುದರಿಂದ ಕೈಬಿಡುವುದೆಂಬ ಅರ್ಥ ಅವುಗಳಿಗೆ ಸಹಜವಾಗಿಯೇ ಒಪ್ಪುತ್ತದೆ. ಒಲೆಯಿಂದ ಹುಟ್ಟಿದ ಮಾತಿಗೆ ಅದು ಒಪ್ಪುವುದಿಲ್ಲ. ಅಡುಗೆಮನೆಯನ್ನು ಬಿಟ್ಟು ಬಂದ ಮಾತು ತನ್ನ ಬಿಸಿಯನ್ನು ಅಲ್ಲಿಯೇ ಬಿಟ್ಟು ಬಂದಿತು.

ಈಗ ನಮ್ಮ ಸೀಮೆಗೆ ಬರೋಣ.

ಬಾಬಾಬುಡನ್‌ಗಿರಿಯ ಸಾಲು ಮುಗಿಲನ್ನು ತಡೆದು ನಿಲ್ಲಿಸುವ ಸ್ಥಳದಿಂದ ಮೂಡಲಿಗೆ ಇಳಿದು ಬಂದಂತೆಲ್ಲ, ಮಲೆನಾಡಿನ ಹಸುರು ತೆಳುವಾಗುತ್ತ, ತರೀಕೆರೆಯ ಅಡಕೆತೋಟಗಳ ಅಂಚನ್ನು ದಾಟಿ, ಕಡೂರಿನ ತೆಂಗು ರಾಗಿಗಳ ಬಯಲನ್ನು ಸೇರಿ, ಅಜ್ಜಂಪುರದ ಕಡೆಯ ಎರೆಮಣ್ಣಿನ ಹೊಲಗಳಲ್ಲಿ ಈರುಳ್ಳಿಯೂ ಕಡಲೆಯೂ ಬೆಳೆಯುವ ಒಣಸೀಮೆಯಾಗಿ ಮಾರ್ಪಡುತ್ತದೆ. ಈ ಮೂರು ಊರುಗಳು ಒಂದಕ್ಕೊಂದು ಅಷ್ಟು ಹತ್ತಿರವಾಗಿದ್ದರೂ ಅವುಗಳ ಆಕಾಶ ಒಂದೇ ಅಲ್ಲ. ಆದರೆ ಅವುಗಳ ಅಡುಗೆಮನೆ ನನ್ನ ಬಾಲ್ಯದಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಗೋಡೆಗೆ ಒತ್ತಿಕೊಂಡ ಮಣ್ಣಿನ ಒಲೆ, ಅದಕ್ಕೆ ಮುಂದುಗಡೆ ಸೌದೆಯನ್ನು ತಳ್ಳುವ ಬಾಯಿ, ಮೇಲೆ ದೊಡ್ಡ ಮಡಕೆ ಕುಳಿತುಕೊಳ್ಳುವ ಗುಳಿ, ಪಕ್ಕದಲ್ಲಿ ಊದುಗೊಳವೆ, ಮೂಲೆಯಲ್ಲಿ ಒಣ ಪುಳ್ಳೆಗಳ ರಾಶಿ. ಆ ದೊಡ್ಡ ಗುಳಿಯ ಬದಿಯಲ್ಲಿ, ತುಸು ಹಿಂದಕ್ಕೆ, ಒಲೆಯ ಮೈಯಿಂದ ಕೋಡಿನಂತೆ ಚಾಚಿಕೊಂಡ ಇನ್ನೊಂದು ಚಿಕ್ಕ ಗುಳಿಯಿರುತ್ತಿತ್ತು. ಅದನ್ನು ಕೋಡೊಲೆ ಎನ್ನುತ್ತಿದ್ದರು.

ಕೋಡೊಲೆಗೆ ತನ್ನದೆಂಬ ಬಾಯಿಯಿಲ್ಲ. ಸೌದೆಯನ್ನು ಅದಕ್ಕೆ ಬೇರೆಯಾಗಿ ಯಾರೂ ಒಟ್ಟುವುದಿಲ್ಲ. ದೊಡ್ಡ ಒಲೆಯ ಒಳಗಿನಿಂದ ಗೋಣಿನಷ್ಟಗಲದ ಒಂದು ಹಾದಿ ಅದರೊಳಕ್ಕೆ ಹೋಗಿರುತ್ತದೆ. ಮುಂದಿನ ಮಡಕೆಯ ತಳಕ್ಕೆ ತಗಲಿ, ಅದನ್ನು ಕಾಯಿಸಿ, ಮಿಕ್ಕು ಹೊರಕ್ಕೆ ಹರಿಯುವ ಉರಿಯ ನಾಲಿಗೆಯು ಆ ಹಾದಿಯನ್ನು ಹಿಡಿದು ಬಂದು ಕೋಡೊಲೆಯ ಮೇಲಿನ ಪಾತ್ರೆಯನ್ನು ಮುಟ್ಟುತ್ತದೆ. ಕೆರೆಗೆ ಕೋಡಿ ಹೇಗೋ ಒಲೆಗೆ ಕೋಡೊಲೆ ಹಾಗೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದಾಗ ಕೆಳಗಿನ ಕೆರೆಗೆ ನೀರು ಬರುವಂತೆ, ಮುಂದಿನ ಒಲೆ ಚೆನ್ನಾಗಿ ಉರಿದಾಗ ಮಾತ್ರ ಕೋಡೊಲೆಗೆ ಕಾವು. ರಮ್‌ಫರ್ಡನ ಒಲೆಯಲ್ಲಿಯೂ ಅನಿಲದ ಒಲೆಯಲ್ಲಿಯೂ ಹಿಂದಿನ ಪಾತ್ರೆಗೆ ಸ್ವತಂತ್ರವಾದ ಉರಿ. ನಮ್ಮ ಒಲೆಯಲ್ಲಿ ಹಿಂದಿನ ಪಾತ್ರೆಯು ಮುಂದಿನದರ ಉಚ್ಛಿಷ್ಟದಿಂದ ಬದುಕತಕ್ಕದ್ದು. ಈ ಭೇದವು ಸಣ್ಣದೆಂದು ಎಣಿಸಬೇಡಿ. ನಾನು ಮುಂದೆ ಹೇಳಲಿರುವುದೆಲ್ಲ ಇದನ್ನೇ ಅವಲಂಬಿಸಿದೆ.

ಬೆಳಗಿನಿಂದ ಮುಂದಿನ ಒಲೆಯ ಮೇಲೆ ಎಸರು ಕುದಿಯಬೇಕು, ಅದಕ್ಕೆ ರಾಗಿಹಿಟ್ಟು ಬೀಳಬೇಕು, ಕೋಲಿನಿಂದ ಅದನ್ನು ತೊಳಸಿ ಮುದ್ದೆ ಕಟ್ಟಬೇಕು. ಅಷ್ಟು ಹೊತ್ತೂ ಅಲ್ಲಿ ಅವಸರ, ಬೆವರು, ಹೊಗೆ. ಕೋಡೊಲೆಯ ಮೇಲೆ ಅದೇ ವೇಳೆಯಲ್ಲಿ ಹುರುಳಿಯ ಮಡಕೆ. ಹುರುಳಿಯು ಅವಸರಕ್ಕೆ ಬಗ್ಗುವ ಕಾಳಲ್ಲ. ರಾತ್ರಿ ನೆನೆಹಾಕಿದ ಕಾಳನ್ನು ಬೇಯಿಸಿ, ಕಟ್ಟು ಬಸಿದು, ಆ ಕಟ್ಟನ್ನು ಸಣ್ಣ ಕಾವಿನಲ್ಲಿ ಬತ್ತಿಸುತ್ತ ಹೋದರೆ, ಅದು ಹೊತ್ತು ಕಳೆದಂತೆಲ್ಲ ಕಪ್ಪಾಗಿ, ಮಂದವಾಗಿ, ಇಂದಿನ ಸಾರಿಗಿಂತ ನಾಳೆಯ ಸಾರು, ನಾಳೆಯದಕ್ಕಿಂತ ನಾಳಿದ್ದಿನದು ರುಚಿಯೆನ್ನುವಂತೆ ಪಕ್ವವಾಗುತ್ತದೆ. ಹುರುಳಿ ಇಳಿದ ದಿನ ಅಲ್ಲಿಗೆ ಹಾಲಿನ ಮಡಕೆ ಏರುತ್ತಿತ್ತು. ಅಜ್ಜಂಪುರವು ಅಮೃತಮಹಲ್ ದನಗಳ ಊರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂಬ ಹೆಸರಿನಿಂದ ಮೊದಲಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿಕೊಂಡ ಆ ತಳಿಯ ಸಂವರ್ಧನ ಕೇಂದ್ರ ಇಂದಿಗೂ ಅಲ್ಲಿದೆ. ಆ ಸೀಮೆಯಲ್ಲಿ ಬೆಣ್ಣೆಯ ಬೆಲೆ ತಿಳಿದವರೆಲ್ಲರಿಗೂ, ಹಾಲನ್ನು ದೊಡ್ಡ ಉರಿಯಲ್ಲಿ ಉಕ್ಕಿಸಿ ಇಳಿಸುವುದಕ್ಕಿಂತ ಕೋಡೊಲೆಯ ಮಂದ ಕಾವಿನಲ್ಲಿ ಹೊತ್ತುಗಟ್ಟಲೆ ಕಾಯಿಸಿದರೆ ಕೆನೆ ದಪ್ಪವಾಗಿ ಕಟ್ಟುವುದೆಂಬುದು ತಿಳಿದಿತ್ತು.

ನಮ್ಮ ಅಜ್ಜಿ ಒಲೆಯ ಮುಂದೆ ಕುಳಿತಿರುವಾಗ ಅವಳ ಮುಖ ಮುಂದಿನ ಮಡಕೆಯ ಕಡೆಗೇ ಇರುತ್ತಿತ್ತು; ಆದರೆ ಪ್ರತಿ ಸಲ ಸೌದೆಯನ್ನು ಮುಂದಕ್ಕೆ ತಳ್ಳಿದಾಗಲೂ ಅವಳ ಎಡಗೈ ತನಗೆ ತಾನೇ ಹಿಂದಕ್ಕೆ ಸರಿದು ಕೋಡೊಲೆಯ ಮಡಕೆಯ ಹೊರಮೈಯನ್ನು ಬೆರಳ ಹಿಂಬದಿಯಿಂದ ಮುಟ್ಟಿ ಬರುತ್ತಿತ್ತು. ಕಾವು ಸಾಲದೆನಿಸಿದರೆ ಕೊಳ್ಳಿಯನ್ನು ಒಳಕ್ಕೆ ನೂಕುವಳು. ಕಟ್ಟು ತೀರ ಬತ್ತಿದೆಯೆನಿಸಿದರೆ ಒಂದು ಸೌಟು ಬಿಸಿನೀರು ಹೊಯ್ಯುವಳು. “ಅತ್ತೆ, ಹುರುಳಿ ಇಳಿಸಲೇ?” ಎಂದು ತಾಯಿ ಕೇಳಿದರೆ, “ಇನ್ನೂ ಬತ್ತಬೇಕು ಕಣಮ್ಮ, ಅದಕ್ಕೇನೂ ಅವಸರವಿಲ್ಲ” ಎನ್ನುವಳು. ಆದರೆ ನೀರು ತರಲು ಹಿತ್ತಲಿಗೆ ಎದ್ದುಹೋಗುವಾಗ, ಒಲೆಯ ಬಳಿ ಚಳಿ ಕಾಯಿಸಿಕೊಳ್ಳುತ್ತ ಕುಳಿತ ನನಗೆ, “ಕೋಡೊಲೆ ಕಡೆ ಒಂದು ಕಣ್ಣಿರಲಿ ಮಗಾ” ಎಂದು ಹೇಳದೆ ಹೋಗುತ್ತಿರಲಿಲ್ಲ. ಅವಸರವಿಲ್ಲವೆಂಬುದೂ ಕಣ್ಣಿರಲಿ ಎಂಬುದೂ ಅವಳಿಗೆ ವಿರುದ್ಧವಾದ ಮಾತುಗಳಾಗಿರಲಿಲ್ಲ.

ವಾರಕ್ಕೊಮ್ಮೆ ಅವಳು ಮಾಡುತ್ತಿದ್ದ ಇನ್ನೊಂದು ಕೆಲಸವೂ ನೆನಪಿಗೆ ಬರುತ್ತದೆ. ಒಲೆ ಆರಿದ ಮೇಲೆ, ಕೈಯನ್ನು ಮೊಣಕೈಯವರೆಗೆ ಒಳಕ್ಕೆ ಹಾಕಿ, ದೊಡ್ಡ ಒಲೆಗೂ ಕೋಡೊಲೆಗೂ ನಡುವಣ ಆ ಹಾದಿಯಲ್ಲಿ ಕೂತ ಬೂದಿಯನ್ನು ಬಳಿದು ತೆಗೆಯುತ್ತಿದ್ದಳು. ಮುಂದಿನ ಉರಿಗೆ ಆ ಬೂದಿಯಿಂದ ಅಡ್ಡಿಯೇನೂ ಇಲ್ಲ. ಅದು ಎಂದಿನಂತೆ ಧಗಧಗಿಸುತ್ತದೆ. ಕಾವು ತಪ್ಪುವುದು ಹಿಂದಿನ ಮಡಕೆಗೆ; ಅದೂ ಸದ್ದಿಲ್ಲದೆ. ಮಡಕೆ ಒಲೆಯ ಮೇಲೆಯೇ ಇದೆ, ಮುಚ್ಚಳವೂ ಮುಚ್ಚಿದೆ, ನೋಡುವವರಿಗೆ ಎಲ್ಲವೂ ನಡೆಯುತ್ತಿರುವಂತೆಯೇ ಕಾಣುತ್ತದೆ. ಒಳಗೆ ಮಾತ್ರ ಕಾಳು ತಣ್ಣಗೆ ಕೂತು ಹಳಸುತ್ತಿರುತ್ತದೆ.

ಈ ಒಲೆಯ ತತ್ತ್ವವನ್ನು ನಮ್ಮ ವಿಜ್ಞಾನಿಗಳೂ ಗೌರವಿಸಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ಥಾಪಿತವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು, ಒಂದೇ ಉರಿಯು ಮೊದಲನೆಯ ಪಾತ್ರೆಯಿಂದ ಎರಡನೆಯದಕ್ಕೂ, ಎರಡನೆಯದರಿಂದ ಮೂರನೆಯದಕ್ಕೂ ಹರಿದು, ಕಡೆಗೆ ಹೊಗೆಗೊಳವೆಯಿಂದ ಮಾಡಿನ ಹೊರಕ್ಕೆ ಹೋಗುವಂತೆ ಒಂದು ಒಲೆಯನ್ನು ರೂಪಿಸಿತು. 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಅಸ್ತ್ರ ಒಲೆ ಎಂದು ಹೆಸರಾದ ಅದು, ಸೌದೆಯನ್ನು ಉಳಿಸಿ, ಹೆಂಗಸರ ಕಣ್ಣನ್ನೂ ಎದೆಯನ್ನೂ ಹೊಗೆಯಿಂದ ಕಾಪಾಡಿತು. ತರುವಾಯ ಅನಿಲ ಬಂದಿತು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಸಿಲಿಂಡರು ಬಡವರ ಮನೆಯ ಒಳಗೂ ಕಾಲಿಟ್ಟಿತು. ಹೊಗೆಯಿಲ್ಲದ ಅಡುಗೆಮನೆ ಹೆಣ್ಣುಮಕ್ಕಳಿಗೆ ದೊರೆತ ಪುಣ್ಯ. ಅದನ್ನು ಹಳೆಯದರ ಮೋಹದಿಂದ ಹಳಿಯುವವನು ನಾನಲ್ಲ. ಆದರೆ ನಮ್ಮ ಮನೆಗಳಿಗೆ ಬಂದ ಅನಿಲದ ಒಲೆಯಲ್ಲಿ ಹೆಚ್ಚಾಗಿ ಎರಡೇ ಉರಿ, ಎರಡೂ ಅಕ್ಕಪಕ್ಕ. ಅದರಲ್ಲಿ ಹಿಂದಿನ ಉರಿಯೆಂಬುದೇ ಇಲ್ಲ. ಹೀಗಾಗಿ ಬ್ಯಾಕ್ ಬರ್ನರ್ ಎಂಬ ಮಾತನ್ನು ನಿತ್ಯ ಆಡುವ ನಮ್ಮ ಮಕ್ಕಳು ಆ ವಸ್ತುವನ್ನು ಕಂಡಿಲ್ಲ. ಅದಕ್ಕೆ ಸಮನಾದ ಕೋಡೊಲೆಯನ್ನು ಕಂಡಿದ್ದವರ ಮನೆಯಲ್ಲಿ ಈಗ ಕೋಡೊಲೆಯೆಂಬ ಮಾತಿಲ್ಲ.

ಕನ್ನಡದಲ್ಲಿ ಮುಂದೂಡುವುದಕ್ಕೆ ಮಾತುಗಳಿಗೇನು ಕಡಮೆ? ಮುಂದೂಡುವುದು, ತಳ್ಳಿಹಾಕುವುದು, ಮೂಲೆಗೆ ನೂಕುವುದು ಎಂಬಿವೆಲ್ಲ ನೂಕುನುಗ್ಗಲಿನ ಮಾತುಗಳು. ಆದರೆ ಇವುಗಳ ನಡುವೆ ಒಂದು ವಿಶಿಷ್ಟವಾದ ಪದವಿದೆ. ರಸ್ತೆಯ ಕೆಲಸವೋ ಸೇತುವೆಯ ಕೆಲಸವೋ ನಿಂತುಹೋದಾಗ, ‘ಕಾಮಗಾರಿ ನೆನೆಗುದಿಗೆ ಬಿದ್ದಿದೆ’ ಎಂದು ಪತ್ರಿಕೆಗಳು ಬರೆಯುತ್ತವೆ. ಓದುವವರು ಅದನ್ನು ಯಾವುದೋ ಗುಂಡಿಯ ಹೆಸರೆಂಬಂತೆ ಓದಿ ಮುಂದೆ ಹೋಗುತ್ತಾರೆ. ಆ ಪದವನ್ನು ಬಿಡಿಸಿ ನೋಡಿ. ಮಳೆ ಎಂಬುದಕ್ಕೆ ಕಾಲ ಸೇರಿದಾಗ ಮಳೆಗಾಲವಾಗುವಂತೆ, ನೆನೆ ಎಂಬುದಕ್ಕೆ ಕುದಿ ಸೇರಿ, ಕಕಾರಕ್ಕೆ ಗಕಾರವು ಆದೇಶವಾಗಿ, ನೆನೆಗುದಿಯಾಗಿದೆ. ನೆನೆದು ನೆನೆದು ಒಳಗೇ ಕುದಿಯುವುದು ನೆನೆಗುದಿ. ಚಿಂತೆ, ಬೇಗುದಿ, ಇತ್ಯರ್ಥವಾಗದ ಸಂಗತಿಯೊಂದು ಮನಸ್ಸಿನೊಳಗೆ ಆರದೆ ಇರುವ ಸ್ಥಿತಿ ಎಂಬುದು ಅದರ ಭಾವ. ಸಾವಿರಾರು ಹರದಾರಿಯ ಆಚೆಗಿನ ಜನವೂ ನಮ್ಮ ಪೂರ್ವಿಕರೂ, ಒಬ್ಬರನ್ನೊಬ್ಬರು ಕಾಣದೆ, ಮುಗಿಯದೆ ಉಳಿದ ಕೆಲಸವನ್ನು ಕಂಡು ಕುದಿಯುವ ಪಾತ್ರೆಯನ್ನೇ ನೆನೆದರೆಂಬುದು ನನಗೆ ಬಹಳ ಆಶ್ಚರ್ಯವನ್ನೂ ಅಷ್ಟೇ ಆನಂದವನ್ನೂ ಉಂಟುಮಾಡಿದ ಸಂಗತಿ. ಆದರೆ ಕನ್ನಡವು ಒಂದು ಹೆಜ್ಜೆ ಮುಂದೆ ಹೋಗಿದೆ. ಇಂಗ್ಲಿಷಿನ ಮಾತಿನಲ್ಲಿ ಉರಿ ಮಾತ್ರ ಇದೆ. ಕನ್ನಡದ ಮಾತಿನಲ್ಲಿ ಕುದಿಯ ಜೊತೆಗೆ ನೆನಪೂ ಇದೆ. ನಮ್ಮ ಅಜ್ಜಿಯ ಬಲಗೈ ಸೌದೆಯನ್ನು ನೂಕಿ ಕುದಿಯನ್ನು ಕಾಯುತ್ತಿದ್ದರೆ, ಹಿಂದಕ್ಕೆ ಸರಿಯುತ್ತಿದ್ದ ಎಡಗೈ ನೆನಪನ್ನು ಕಾಯುತ್ತಿತ್ತು.

ಇದರಿಂದ ನಮ್ಮ ಗಾದೆಗಳ ನಡುವಣ ಒಂದು ವಿರೋಧವೂ ಪರಿಹಾರವಾಗುತ್ತದೆ. ‘ನಾಳೆ ಎಂದವನ ಮನೆ ಹಾಳು’ ಎಂದ ಜನವೇ ‘ತಾಳಿದವನು ಬಾಳಿಯಾನು’ ಎಂದೂ ಹೇಳಿತು. ಯಾವುದನ್ನು ನಂಬತಕ್ಕದ್ದು? ಉರಿಯೂ ನೆನಪೂ ಎರಡೂ ಇರುವ ಕಡೆ ಎರಡನೆಯದು ಸತ್ಯ; ಅವೆರಡರಲ್ಲಿ ಒಂದು ತಪ್ಪಿದ ಕಡೆ ಮೊದಲನೆಯದು ಸತ್ಯ. ಬದಿಗಿಟ್ಟುದೆಲ್ಲ ಸೋಮಾರಿತನವಲ್ಲ. ರೈತನು ಮಳೆಗೆ ಮುನ್ನ ಬಿತ್ತುವುದಿಲ್ಲ. ನ್ಯಾಯ ಹೇಳುವ ಹಿರಿಯನು ಸಿಟ್ಟು ಆರದೆ ತೀರ್ಪು ಕೊಡುವುದಿಲ್ಲ. ಹುರುಳಿ ಬತ್ತದೆ ಸಾರಾಗುವುದಿಲ್ಲ. ಬದಿಗಿಟ್ಟ ಮೇಲೆ ಅದಕ್ಕೆ ಕಾವು ತಲಪುತ್ತಿದೆಯೇ, ಅದನ್ನು ಮುಟ್ಟಿ ನೋಡುವ ಕೈಯೊಂದಿದೆಯೇ ಎಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ನಮ್ಮ ಸೀಮೆಯ ಸಾರ್ವಜನಿಕ ಕಾರ್ಯಗಳಿಗೆ ಕೇಳಿ ನೋಡೋಣ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲುಹಾದಿಯು ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದು ಹೋಗುತ್ತದೆ. ಬೀರೂರಿನಿಂದ ಶಿವಮೊಗ್ಗೆಗೆ 1899ರಲ್ಲಿ ತೆರೆದ ಕವಲು ತರೀಕೆರೆಯನ್ನು ಮುಟ್ಟುತ್ತದೆ. ಹೀಗೆ ನಮ್ಮ ಮೂರು ಊರುಗಳೂ ಉಗಿಬಂಡಿಯ ಕೂಗನ್ನು ಬಹು ಹಿಂದೆಯೇ ಕೇಳಿದವು. ಆದರೆ 1947ರವರೆಗೂ ಕಡೂರು ಜಿಲ್ಲೆಯೆಂದೇ ಹೆಸರಾಗಿದ್ದ ಈ ಜಿಲ್ಲೆಯ ಮುಖ್ಯಪಟ್ಟಣವಾದ ಚಿಕ್ಕಮಗಳೂರಿಗೆ ರೈಲು ಇರಲಿಲ್ಲ. ಕಡೂರಿನಿಂದ ಚಿಕ್ಕಮಗಳೂರಿನ ಮಾರ್ಗವಾಗಿ ಸಕಲೇಶಪುರಕ್ಕೆ ಹೊಸ ಹಾದಿಯೆಂದು 1996–97ರಲ್ಲಿ ಮಂಜೂರಾತಿ ದೊರೆಯಿತು. ಸಖರಾಯಪಟ್ಟಣವನ್ನು ಹಾದು ಚಿಕ್ಕಮಗಳೂರನ್ನು ಸೇರುವ ಸುಮಾರು 46 ಕಿಲೋಮೀಟರಿನ ಮೊದಲ ಭಾಗದಲ್ಲಿ ಬಂಡಿ ಓಡಿದುದು 2013ರ ನವೆಂಬರಿನಲ್ಲಿ. ಮಂಜೂರಾತಿಗೂ ಸಂಚಾರಕ್ಕೂ ನಡುವೆ ಹದಿನಾರು ಹದಿನೇಳು ವರ್ಷಗಳು ಸಂದವು. ಅಪೇಕ್ಷೆಯಾದರೋ ಅದಕ್ಕಿಂತ ಎಷ್ಟೋ ತಲೆಮಾರು ಹಳೆಯದು. ಕಡೂರಿನ ನಿಲ್ದಾಣದಲ್ಲಿಳಿದು, ಪೆಟ್ಟಿಗೆ ಹೊತ್ತು ಬಸ್ಸಿಗಾಗಿ ಓಡುತ್ತಿದ್ದವರಲ್ಲಿ ನಾನೂ ಒಬ್ಬನಾದುದರಿಂದ ಹೇಳುತ್ತೇನೆ: ಆ ಹಾದಿ ಕಡೆಗೂ ಬಂದಿತೆಂದರೆ, ಮನವಿಯನ್ನು ಬರೆಯುತ್ತಲೇ ಇದ್ದ, ಸಭೆಯನ್ನು ಕೂಡಿಸುತ್ತಲೇ ಇದ್ದ, ಪ್ರತಿ ಮುಂಗಡಪತ್ರದ ದಿನವೂ ಪುಟಗಳನ್ನು ತಿರುವಿ ಹುಡುಕುತ್ತಲೇ ಇದ್ದ ಜನ ಆ ಮಡಕೆಯನ್ನು ಮುಟ್ಟಿ ನೋಡುವುದನ್ನು ಬಿಡಲಿಲ್ಲವೆಂದೇ ಅರ್ಥ.

ನೀರಿನ ಕಥೆ ಇನ್ನೂ ಗಹನವಾದುದು. ನಮ್ಮ ಬಯಲುಸೀಮೆಯೇ ಒಂದು ಅರ್ಥದಲ್ಲಿ ಮಲೆನಾಡಿನ ಕೋಡೊಲೆ. ಗಿರಿಯ ಮೇಲೆ ಬಿದ್ದ ಮಳೆಯ ಮಿಗತೆಯೇ ಅಯ್ಯನಕೆರೆಗೂ ಮದಗದ ಕೆರೆಗೂ ಇಳಿದು, ವೇದಾ ಅವತಿಗಳೆಂಬ ಎರಡು ಹೊಳೆಗಳಾಗಿ ಕಡೂರಿನ ಬಳಿ ಕೂಡಿ, ವೇದಾವತಿಯೆನಿಸಿಕೊಂಡು, ಮುಂದೆ ಚಿತ್ರದುರ್ಗದ ಕಡೆಗೆ ಸಾಗಿ ಮಾರಿಕಣಿವೆಯ ವಾಣಿವಿಲಾಸ ಸಾಗರವನ್ನು ತುಂಬಬೇಕು. ಗಿರಿಯಲ್ಲಿ ಮಳೆಯಾದರೂ ನಡುವಣ ಕಾಲುವೆಗಳಲ್ಲಿ ಹೂಳು ತುಂಬಿದ್ದರೆ ಕೆಳಗಿನ ಕೆರೆಗೆ ನೀರಿಲ್ಲ. ಒಲೆಯೊಳಗಿನ ಬೂದಿಗೂ ಈ ಹೂಳಿಗೂ ಏನು ಭೇದ? ಲಕ್ಕವಳ್ಳಿಯಲ್ಲಿ, ನಮ್ಮ ತರೀಕೆರೆ ತಾಲ್ಲೂಕಿನಲ್ಲಿಯೇ, 71.5 ಟಿ.ಎಂ.ಸಿ. ಅಡಿ ನೀರನ್ನು ಹಿಡಿಯುವ ಭದ್ರಾ ಜಲಾಶಯ ನಿಂತಿದ್ದರೂ, ಅದರ ಕಾಲುವೆಗಳ ನೀರು ಇಳಿಜಾರನ್ನು ಹಿಡಿದು ಬೇರೆ ಕಡೆಗೆ ಹರಿಯಿತು. ಎತ್ತರದಲ್ಲಿದ್ದ ಕಡೂರು ಅಜ್ಜಂಪುರಗಳು ಮಳೆಯ ಮುಖವನ್ನೇ ನೋಡುತ್ತ ಕುಳಿತವು.

ಆ ನೀರನ್ನು ಮೇಲಕ್ಕೆತ್ತಿ ಮೂಡಲಿಗೆ ಹರಿಸುವ ಭದ್ರಾ ಮೇಲ್ದಂಡೆ ಯೋಜನೆಯು ಬಹುಕಾಲದಿಂದ ಜನರ ಬಾಯಲ್ಲಿದೆ. ತುಂಗೆಯಿಂದ ಭದ್ರೆಗೆ 17.40 ಟಿ.ಎಂ.ಸಿ. ಅಡಿ ನೀರನ್ನೆತ್ತಿ, ಭದ್ರೆಯಿಂದ 29.90 ಟಿ.ಎಂ.ಸಿ. ಅಡಿಯನ್ನು ಅಜ್ಜಂಪುರದ ಬಳಿ ಬೆಟ್ಟದೊಳಗೆ ಕೊರೆದ ಸುರಂಗದ ಮೂಲಕ ಹಾಯಿಸಿ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರು ಒಣಭೂಮಿಗೆ ಹನಿ ನೀರಾವರಿಯನ್ನು ಒದಗಿಸಿ, 367 ಕೆರೆಗಳನ್ನು ತುಂಬಿಸಬೇಕೆಂಬುದು ಅದರ ಉದ್ದೇಶ. 2019ರಲ್ಲಿ ಭದ್ರೆಯ ನೀರು ಆ ಸುರಂಗವನ್ನು ಹಾದು ವಾಣಿವಿಲಾಸ ಸಾಗರದ ಕಡೆಗೆ ಹರಿಯಿತು. 1933ರಲ್ಲಿ ಕೋಡಿ ಬಿದ್ದಿದ್ದ ಆ ಸಾಗರ, ಒಳ್ಳೆಯ ಮಳೆಯೂ ಸೇರಿ, 2022ರಲ್ಲಿ ಮತ್ತೆ ಕೋಡಿ ಬಿದ್ದಿತು. 2023ರ ಕೇಂದ್ರ ಮುಂಗಡಪತ್ರದಲ್ಲಿ ಈ ಯೋಜನೆಗೆ 5,300 ಕೋಟಿ ರೂಪಾಯಿಗಳ ನೆರವು ಘೋಷಿತವಾಯಿತು. ಎಂಬತ್ತೊಂಬತ್ತು ವರ್ಷ ಕೋಡಿ ಕಾಣದಿದ್ದ ಜಲಾಶಯ ಕೋಡಿ ಬಿದ್ದುದನ್ನು ಕಂಡವರು, ಬದಿಗಿಟ್ಟ ಕಾರ್ಯ ಬೇಯುವುದೇ ಇಲ್ಲವೆಂದು ಹೇಳಲಾರರು. ಆದರೆ ಹೊಲದ ಬದುವಿನಲ್ಲಿ ನಿಂತು ಒಣಗಿದ ತೆಂಗಿನ ಸುಳಿಯನ್ನು ನೋಡುವವನಿಗೆ ತಲೆಮಾರುಗಳ ಈ ಲೆಕ್ಕದಿಂದ ಸಮಾಧಾನವಾಗುವುದಾದರೂ ಹೇಗೆ? ಮಡಕೆಗೆ ತಾಳ್ಮೆಯುಂಟು, ಹಸಿದವರಿಗೆ ಅಷ್ಟು ತಾಳ್ಮೆಯನ್ನು ವಿಧಿಸುವ ಅಧಿಕಾರ ಒಲೆಯ ಮುಂದೆ ಕುಳಿತವರಿಗಿಲ್ಲ. ಮುಂದಿನ ಪಾತ್ರೆಗಳು ಎಷ್ಟೇ ಇರಲಿ, ಹಿಂದಿನದಕ್ಕೆ ಹೋಗುವ ಹಾದಿಯ ಬೂದಿಯನ್ನು ಕಾಲಕಾಲಕ್ಕೆ ಬಳಿಯುವುದು ಅವರ ಧರ್ಮ.

ಸರ್ಕಾರಗಳಿಗೆ ಧರ್ಮವನ್ನು ಹೇಳಿದ ಮೇಲೆ, ಅದೇ ಅಳತೆಗೋಲಿನಿಂದ ನನ್ನನ್ನೂ ಅಳೆದುಕೊಳ್ಳಬೇಕಾದುದು ನ್ಯಾಯ. ಕಾಲೇಜಿನಲ್ಲಿದ್ದಾಗ ನಾನೊಂದು ನೋಟುಪುಸ್ತಕವನ್ನು ಕೊಂಡು, ನಮ್ಮ ಮೂರು ಊರುಗಳ ಅಡುಗೆಮನೆಯ ಮಾತುಗಳನ್ನೆಲ್ಲ ಬರೆದಿಡಬೇಕೆಂದು ಸಂಕಲ್ಪಿಸಿದ್ದೆ. ಅಜ್ಜಿಯನ್ನು ಕೇಳಿ ಕೇಳಿ ನಲವತ್ತು ಐವತ್ತು ಪದಗಳನ್ನು ಬರೆದೆ. ಒಲೆಯ ಭಾಗಗಳ ಹೆಸರು, ಉರಿಯ ಬಗೆಗಳ ಹೆಸರು, ಬೇಯುವುದರ ಹಂತಹಂತಕ್ಕೂ ಅವಳಲ್ಲಿದ್ದ ಹೆಸರು. ತರುವಾಯ ಪರೀಕ್ಷೆ ಬಂದಿತು, ಉದ್ಯೋಗ ಬಂದಿತು, ಸಂಸಾರ ಬಂದಿತು. ಪುಸ್ತಕ ಅಟ್ಟವನ್ನು ಸೇರಿತು. ಬರೆಯುವ ಕಾರ್ಯವನ್ನು ಬಿಟ್ಟೆನೆಂದು ನಾನು ಒಮ್ಮೆಯೂ ಎಣಿಸಲಿಲ್ಲ. ಅದು ಹಿಂದಿನ ಉರಿಯ ಮೇಲಿದೆ, ಬಿಡುವಾದಾಗ ಇಳಿಸಿಕೊಳ್ಳುವೆನೆಂದೇ ನಂಬಿದ್ದೆ. ಅಜ್ಜಿ ತೀರಿಕೊಂಡು ಬಹಳ ವರ್ಷಗಳ ಮೇಲೆ, ಮನೆಯನ್ನು ಹೊಸದಾಗಿ ಕಟ್ಟಿಸುವಾಗ ಪುಸ್ತಕ ಕೈಗೆ ಸಿಕ್ಕಿತು. ತೆರೆದು ನೋಡಿದರೆ, ಕೋಡೊಲೆ ಎಂದು ಬರೆದು, ಅದರ ಕೆಳಗೆ, ದೊಡ್ಡ ಒಲೆಯಿಂದ ಕೋಡೊಲೆಗೆ ಉರಿ ಹಾಯುವ ಆ ಹಾದಿಗೆ ಏನೆಂದು ಹೆಸರು, ಕೇಳಬೇಕು ಎಂದು ನನ್ನದೇ ಅಕ್ಷರದಲ್ಲಿತ್ತು. ಅದರ ಮುಂದಿನ ಸಾಲು ಖಾಲಿಯಾಗಿತ್ತು. ಬೀದಿಯಲ್ಲಿದ್ದ ಹಿರಿಯರನ್ನು ಕೇಳಿದೆ. ಅದು ಉರಿ ಹೋಗುವ ಕಂಡಿಯೆಂದು ಕೈಯಿಂದ ತೋರಿಸಿದರೇ ಹೊರತು, ಹೆಸರು ಯಾರ ನಾಲಿಗೆಗೂ ಬರಲಿಲ್ಲ.

ಅಂದು ನನಗೆ ಅರಿವಾಯಿತು. ನನ್ನ ಮಡಕೆ ಒಲೆಯ ಮೇಲೆಯೇ ಇತ್ತು. ಒಳಗಿನ ಹಾದಿಯನ್ನು ಮಾತ್ರ ನಾನು ಬಳಿದಿರಲಿಲ್ಲ. ವರ್ಷಕ್ಕೊಂದು ಸಲ ಊರಿಗೆ ಹೋದಾಗ ಅಜ್ಜಿಯ ಪಕ್ಕದಲ್ಲಿ ಕುಳಿತು ಒಂದೇ ಒಂದು ಪದವನ್ನು ಕೇಳಿದ್ದರೆ ಸಾಕಾಗಿತ್ತು. ಬೆರಳ ಹಿಂಬದಿಯನ್ನು ತಾಗಿಸಿ ನೋಡುವಷ್ಟು ಶ್ರಮ. ಅದಕ್ಕೆ ಬಿಡುವು ಇರಲಿಲ್ಲವೆಂದು ಹೇಳಿದರೆ ಅದು ಸುಳ್ಳಾಗುತ್ತದೆ.

ಆ ಪುಸ್ತಕವನ್ನು ಈಗ ಅಟ್ಟದಿಂದ ಇಳಿಸಿ ನಿತ್ಯ ಕುಳಿತುಕೊಳ್ಳುವ ಮೇಜಿನ ಮೇಲಿಟ್ಟಿದ್ದೇನೆ. ಹೋದ ಬೇಸಗೆಯಲ್ಲಿ ಕಡೂರಿನ ಕಡೆಯ ಒಂದು ಮದುವೆಗೆ ಹೋಗಿದ್ದಾಗ, ಚಪ್ಪರದ ಹಿಂದೆ ಕಲ್ಲೊಲೆ ಹೂಡಿ ಅಡುಗೆ ಮಾಡುತ್ತಿದ್ದ ಹಿರಿಯರೊಬ್ಬರ ಬಳಿ ಕುಳಿತು ನಾಲ್ಕು ಪದಗಳನ್ನು ಬರೆದುಕೊಂಡು ಬಂದೆ. ಖಾಲಿಯಾಗಿದ್ದ ಆ ಸಾಲು ಇನ್ನೂ ತುಂಬಿಲ್ಲ. ಕಡೂರಿನಲ್ಲಿಯೋ, ತರೀಕೆರೆಯ ತೋಟದ ಮನೆಯಲ್ಲಿಯೋ, ಅಜ್ಜಂಪುರದ ಹಳ್ಳಿಯೊಂದರಲ್ಲಿಯೋ ಈ ಮಾತನ್ನು ಕೇಳುತ್ತಿರುವ ತಾಯಂದಿರಲ್ಲಿ ಯಾರಿಗಾದರೂ ಆ ಹಾದಿಯ ಹೆಸರು ನೆನಪಿದ್ದರೆ, ಪಕ್ಕದಲ್ಲಿರುವ ಮಗುವಿಗೆ ಅದನ್ನು ಈ ಸಂಜೆಯೇ ಹೇಳಿರಿ. ನನಗೆ ತಿಳಿಸುವುದು ಆಮೇಲಾದರೂ ಆದೀತು.